ಎರಡನೇ ಗೇರಿನಲ್ಲಿ ವಿಮಾನ

ನಾನು ನೋಡಿಕೊಳ್ಳುವ ವಿಮಾನ ಹಾರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸಂಗ್ರಹಾಲಯಕ್ಕೆ ಬರುತ್ತಿದ್ದವರೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದು.

‘ಹಾರತೈತೇನ್ರಿ?’

‘ಇಲ್ರಿ.’

‘ಮತ್ಯಾಕ ಇಟ್ಟೀರಿ?’

ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದಕ್ಕೇ ನನಗೆ ಸಂಬಳ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ನವನಗರದಿಂದ ಸ್ವಲ್ಪ ಒಳಗೆ ಹೋದರೆ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಅದರ ಹಿತ್ತಲಲ್ಲಿ, ಕಾಲೇಜಿನ ಬಸ್ಸುಗಳು ನಿಲ್ಲುವ ಅಂಗಳಕ್ಕೆ ಹತ್ತಿಕೊಂಡು ಎತ್ತರದ ತಗಡಿನ ಶೆಡ್ಡು. ಅದರೊಳಗೆ ನಮ್ಮ ವಿಮಾನ. ಪಕ್ಕಪಕ್ಕ ಎರಡು ಸೀಟು, ಮೂಗಿನ ಮೇಲೆ ಒಂದು ಪಂಖ, ಹೊಟ್ಟೆಯ ಕೆಳಗೆ ಮೂರು ಗಾಲಿ. ಯುದ್ಧ ಮಾಡಿದ ವಿಮಾನವಲ್ಲ. ಯುದ್ಧ ಮಾಡಬೇಕಾದ ಹುಡುಗರಿಗೆ ಹಾರುವುದನ್ನು ಕಲಿಸಿದ ವಿಮಾನ. ನಮ್ಮ ಚೇರ್ಮನ್‌ರು ಮಾತ್ರ ಬಂದವರಿಗೆಲ್ಲ ಯುದ್ಧವಿಮಾನ ಎಂದೇ ಹೇಳುತ್ತಾರೆ. ಆ ವಿಮಾನ ಸೇನೆಯಿಂದ ನಿವೃತ್ತಿಯಾದ ಮೇಲೆ ಯಾವುದೋ ಹಾರಾಟದ ಕ್ಲಬ್ಬಿನಲ್ಲಿ ಸ್ವಲ್ಪ ಕಾಲ ದುಡಿದು, ಅಲ್ಲೂ ಬೇಡವಾಗಿ ಹರಾಜಿಗೆ ಬಂದಿತ್ತು. ಚೇರ್ಮನ್‌ರದು ಹತ್ತಿ ವ್ಯಾಪಾರದ ಮನೆತನ. ಹರಾಜು ಎಂದರೆ ಅವರಿಗೆ ಎದ್ದು ನಿಲ್ಲುವಷ್ಟು ಹುಮ್ಮಸ್ಸು. ಏನು ಕೊಳ್ಳುತ್ತಿದ್ದೇನೆ ಎನ್ನುವುದು ಆಮೇಲಿನ ಮಾತು.

ಅದನ್ನು ಗೇಟಿನ ಹತ್ತಿರ ಕಂಬದ ಮೇಲೆ ಕೂರಿಸಬೇಕೆಂಬುದು ಅವರ ಆಸೆಯಾಗಿತ್ತು. ಗಾಳಿಗೆ ಕಂಬ ಉಳಿಯುವುದಿಲ್ಲ ಎಂದು ಅವರ ಕಾಲೇಜಿನ ಎಂಜಿನಿಯರುಗಳೇ ಹೇಳಿದ ಮೇಲೆ ಆ ಆಸೆ ಬಿಟ್ಟರು. ಕಾಲೇಜಿನ ಗುಣಮಟ್ಟ ಅಳೆಯಲು ಬಂದ ಸಮಿತಿಯವರು ‘ಮ್ಯೂಸಿಯಂ ಇದ್ದರೆ ಒಳ್ಳೆಯದು’ ಅಂದರಂತೆ. ಶೆಡ್ಡು ಇತ್ತು, ವಿಮಾನ ಇತ್ತು, ಬೋರ್ಡು ಬರೆಸಿದರು. ಮ್ಯೂಸಿಯಂ ಎಂದ ಮೇಲೆ ನೋಡಿಕೊಳ್ಳಲು ಓದಿದವರೊಬ್ಬರು ಬೇಕಲ್ಲ. ಹೀಗೆ ನನಗೆ ಕೆಲಸ ಸಿಕ್ಕಿತು.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದೆ. ಆಮೇಲೆ ಹಳೆಯ ವಸ್ತುಗಳನ್ನು ಕಾಪಾಡುವ ವಿದ್ಯೆಯಲ್ಲಿ ಡಿಪ್ಲೊಮಾ. ಬೆಂಗೇರಿಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ನನ್ನನ್ನು ಓದಿಸಿದ ಅವ್ವ, ಕೆಲಸ ಏನೆಂದು ಕೇಳಿ, ರೊಟ್ಟಿ ತಿರುವುತ್ತಲೇ ಅಂದಳು:

‘ಹಾರದ ಇಮಾನ ಕಾಯಾಕ ಇಷ್ಟ ಓದಬೇಕಿತ್ತೇನ ಯವ್ವಾ? ನಮ್ಮ ಓಣ್ಯಾಗಿನ ನಾಯಿ ಕಾಯತಿತ್ತಲ್ಲ.’

‘ನಾಯಿಗೆ ಇಂಗ್ಲಿಷ್ ಬರೂದಿಲ್ಲವ್ವಾ.’

‘ಇಮಾನಕ್ಕೂ ಬರೂದಿಲ್ಲ.’

ಅವ್ವನ ಜೊತೆ ವಾದ ಗೆದ್ದವರು ಬೆಂಗೇರಿಯಲ್ಲಿ ಯಾರೂ ಇಲ್ಲ.

ಆದರೆ ಅವಳಿಗೆ ಹೇಳದ ಒಂದು ಮಾತು ನನ್ನಲ್ಲಿತ್ತು. ಹಳೆಯ ವಸ್ತುಗಳು ಇರುವುದು ಉಳ್ಳವರ ಮನೆಗಳಲ್ಲಿ. ನಮ್ಮ ಮನೆಯಲ್ಲಿ ಯಾವುದೂ ಹಳೆಯದಾಗಲಿಲ್ಲ. ಹಳೆಯದಾಗುವ ಮೊದಲೇ ಸವೆದು ಹೋಗುತ್ತಿತ್ತು. ಅಜ್ಜಿಯ ಮದುವೆಯ ಸೀರೆಯ ಬಣ್ಣ ಯಾವುದು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅದು ಕೌದಿಯಾಯಿತು, ಕೌದಿ ಹರಿದು ಕಾಲೊರೆಸುವ ಅರಿವೆಯಾಯಿತು, ಕಡೆಗೆ ಒಲೆಯ ಮೇಲಿನ ಪಾತ್ರೆ ಹಿಡಿಯುವ ತುಂಡಾಗಿ ಸುಟ್ಟು ಹೋಯಿತು. ಅಪ್ಪನ ಸೈಕಲ್ಲಿಗೆ ಎಷ್ಟು ಸಲ ಬಿಡಿಭಾಗ ಬದಲಿಸಿದರೆಂದರೆ, ಅವರು ಕೊಂಡ ಸೈಕಲ್ಲಿನದು ಅಂತ ಕಡೆಗೆ ಉಳಿದದ್ದು ಗಂಟೆಯೊಂದೇ. ಅದೂ ಸದ್ದು ಮಾಡುತ್ತಿರಲಿಲ್ಲ. ‘ಉಪಯೋಗಿಸಿದರೇ ವಸ್ತುವಿಗೆ ಬೆಲೆ’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ. ಉಪಯೋಗಿಸಿ ಮುಗಿಸುವುದು ನಮಗೆ ಚೆನ್ನಾಗಿ ಗೊತ್ತು. ತೆಗೆದಿಡುವುದು ಗೊತ್ತಿರಲಿಲ್ಲ. ಅದನ್ನು ಕಲಿಯಲು ಫೀ ಕಟ್ಟಿ ಹೋಗಬೇಕಾಯಿತು.

ಆ ವಿಮಾನದೊಳಗೆ ಎತ್ತರ ತೋರಿಸುವ ಗಡಿಯಾರದ ಪಕ್ಕ ಯಾರೋ ಪೆನ್ಸಿಲಿನಲ್ಲಿ ಎಳೆದ ಒಂದು ಸಣ್ಣ ಗೆರೆ ಇದೆ. ಕಲಿಯಲು ಬಂದ ಯಾವನೋ ಹುಡುಗ, ಇಲ್ಲಿಗಿಂತ ಕೆಳಗೆ ಇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಗುರುತು ಮಾಡಿಕೊಂಡಿದ್ದನೋ ಏನೋ. ಬಲಗಡೆ ಸೀಟಿನ ಬಾಗಿಲಂಚಿನಲ್ಲಿ ಒಂದು ಕಡೆ ಬಣ್ಣ ಸವೆದಿದೆ; ಕಲಿಸುವವರು ಜೀವ ಕೈಯಲ್ಲಿ ಹಿಡಿದ ಜಾಗ ಅದು. ಇಂಥವನ್ನು ನೋಡುವಾಗ ನನಗೆ ದೇವರ ಮನೆಯ ಭಕ್ತಿ ಬರುತ್ತಿತ್ತು. ಈ ವಿಮಾನ ಇದ್ದ ಹಾಗೇ, ಇಡಿಯಾಗಿ, ಇಲ್ಲೇ ಉಳಿಯಬೇಕು. ನನ್ನ ಕೆಲಸದ ಅರ್ಥ ಅಷ್ಟೇ.

ಅದನ್ನು ಹಾರಿಸಬೇಕೆಂದವರು ವಿಮಾನದ ಕಾಕಾ.

ಕಾಕಾ ವಾಯುಪಡೆಯ ನಿವೃತ್ತ ಚಾಲಕರು. ಧಾರವಾಡದ ಹಳೆಯ ಮನೆತನ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಕನ್ನಡ. ಇದೇ ನಮೂನೆಯ ವಿಮಾನದಲ್ಲಿ ವರ್ಷಗಟ್ಟಲೆ ಹುಡುಗರಿಗೆ ಕಲಿಸಿದವರು. ಪತ್ರಿಕೆಯಲ್ಲಿ ಫೋಟೋ ನೋಡಿ ಸ್ಕೂಟರ್ ಹತ್ತಿ ಬಂದರು. ‘ಒಳಗೆ ಹತ್ತಬಾರದು’ ಎಂದು ನಾನೇ ಬರೆದು ಹಚ್ಚಿದ್ದ ಫಲಕವನ್ನು ನಿಧಾನವಾಗಿ ಓದಿದರು, ‘ಅಕ್ಷರ ಭಾಳ ಛಲೋ ಅವ’ ಎಂದು ಹೊಗಳಿದರು, ಹತ್ತಿ ಕುಳಿತರು. ನಾನು ಚೇರ್ಮನ್‌ರ ಹತ್ತಿರ ದೂರು ಒಯ್ದರೆ, ಅವರು ಕಾಕಾ ಜೊತೆ ಚಹಾ ಕುಡಿದು ಕಾಯಂ ಅನುಮತಿ ಕೊಟ್ಟು ಕಳಿಸಿದರು. ಅಂದಿನಿಂದ ವಾರಕ್ಕೆರಡು ಸಲವಾದರೂ ಕಾಕಾ ಬಂದು ಬಲಗಡೆ ಸೀಟಿನಲ್ಲಿ, ಅಂದರೆ ಮಾಸ್ತರರ ಸೀಟಿನಲ್ಲಿ ಕೂರುತ್ತಿದ್ದರು. ಎಡಗಡೆಯ ಖಾಲಿ ಸೀಟನ್ನು ಒಮ್ಮೊಮ್ಮೆ ಬೈಯುತ್ತಿದ್ದರು.

‘ಮೇಡಂ, ವಿಮಾನಕ್ಕ ಎರಡ ರೋಗ. ಒಂದು ಬೀಳೂದು, ಇನ್ನೊಂದು ನಿಂದ್ರೂದು. ನಿಂದ್ರೂದ ಕೆಟ್ಟದ್ದು.’

‘ಬಿದ್ದದ್ದು ಹೊಳ್ಳಿ ಬರೂದಿಲ್ರಿ ಕಾಕಾ. ನಿಂತದ್ದು ನಾಳೆನೂ ಇರತೈತಿ.’

‘ಇದ್ದು ಏನ ಮಾಡತದ? ಫೋಟೋದಾಗಿನ ಹೋಳಿಗಿ ಇದ್ಧಂಗ. ನೋಡ್ರಿ, ಉಪವಾಸ ಮಲಕೋರಿ.’

‘ಹಾರಸಬೇಕಂದ್ರ ಟೈರ್ ಹೊಸಾದು ಹಾಕಬೇಕು, ಪೈಪ್ ಹೊಸಾವು, ವೈರ್ ಹೊಸಾವು, ಒಳಗಿನ ಗಡಿಯಾರ ಎಲ್ಲಾ ಹೊಸಾವು. ಕಡೀಕ ಹಳೇದು ಅನ್ನಾಕ ಅದರಾಗ ನೀವೊಬ್ಬರ ಉಳೀತೀರಿ.’

ಕಾಕಾ ಪ್ಯಾಂಟಿನ ಮೇಲಿಂದ ಬಲಗಾಲು ತಟ್ಟಿದರು. ‘ಈ ಮೊಣಕಾಲು ಹ್ವಾದ ವರ್ಷ ಹಾಕಿಸಿದ್ದು. ಹಲ್ಲೂ ಹೊಸಾವ ಅವ. ಹಂಗಂದ್ರ ನಾ ನಾನಲ್ಲೇನು?’

‘ನಿಮ್ಮನ್ನೂ ಗಾಜಿನ್ಯಾಗ ಇಡಬೇಕಿತ್ರಿ, ಮೊದಲ ಸಿಕ್ಕಿದ್ರ.’

ಅವರು ಬಾಯಿ ತುಂಬಾ ನಕ್ಕರು. ನಗುವಾಗ ಬಾಗಿಲಂಚಿನ ಆ ಸವೆದ ಜಾಗವನ್ನೇ ಹಿಡಿದುಕೊಂಡಿದ್ದರು. ‘ಕೈ ತಗೀರಿ’ ಎಂದೆ. ‘ಇದನ್ನ ಸವೆಸಿದ್ದ ನಮ್ಮಂಥಾವ್ರ ಕೈರೀ’ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ವಿಷಯ ನಗುವಿನದಾಗಿ ಉಳಿಯಲಿಲ್ಲ. ಹಳೆಯ ಸೇನಾ ವಿಮಾನಗಳನ್ನು ರಿಪೇರಿ ಮಾಡಿ ಹಾರಿಸುವ ತಂಡವೊಂದು ಬೇರೆ ರಾಜ್ಯದಲ್ಲಿತ್ತು. ಆ ತಂಡಕ್ಕೆ ಕಾಕಾ ಫೋಟೋಗಳನ್ನು ಕಳಿಸಿಬಿಟ್ಟಿದ್ದರು. ಅವರು ದಸರಾ ಮುಗಿದ ಕೂಡಲೇ ಬಂದು ನೋಡುತ್ತೇವೆ, ಒಪ್ಪಿಗೆಯಾದರೆ ಒಯ್ಯುತ್ತೇವೆ ಎಂದರು. ಬಾಲದ ಮೇಲೆ ಕಾಲೇಜಿನ ಹೆಸರು ಬರೆಸುತ್ತೇವೆ ಎಂದೂ ಸೇರಿಸಿದರು. ಅಲ್ಲಿಗೆ ಚೇರ್ಮನ್‌ರ ಮನಸ್ಸು ಅರ್ಧ ಹಾರಿಹೋಗಿತ್ತು.

ನಮ್ಮಿಬ್ಬರನ್ನೂ ಕರೆಸಿ ಕೂರಿಸಿದರು.

‘ನೋಡ್ರಿ ಮೇಡಂ, ಇಲ್ಲಿದ್ರ ಧೂಳಾ ಹೊಡಸ್ಕೊಂತ ಕುಂದ್ರತೈತಿ. ಅಲ್ಲಿದ್ರ ನಮ್ಮ ಹೆಸರು ಆಕಾಶದಾಗ.’

‘ಧೂಳಾ ನಾ ದಿನಾ ಒರಸ್ತೀನ್ರಿ ಸರ್.’

‘ಅದು ಖರೇ. ಆದ್ರ ಆಕಾಶದಾಗ ಧೂಳಾನ ಇರೂದಿಲ್ಲಲ್ಲ.’

‘ಅದು ಹೋದಮ್ಯಾಲೆ ನಾ ಏನ್ ಮಾಡ್ಲಿ?’

‘ಅಡ್ಮಿಶನ್ ಕೌಂಟರ್‌ನ್ಯಾಗ ಮಂದಿ ಬೇಕಾಗ್ಯಾರ. ನೀವು ಛಂದಂಗ ಮಾತಾಡ್ತೀರಿ.’

ಅಡ್ಮಿಶನ್ ಕೌಂಟರಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವ್ವನ ರೊಟ್ಟಿ ಬಡಿದ ಕೈಗಳ ಮೇಲೆ ನಾನು ಓದಿದ್ದು ಫಾರ್ಮಿಗೆ ಸೀಲು ಹೊಡೆಯುವುದಕ್ಕಲ್ಲ. ಹಾಗೆಂದು ಅವರಿಗೆ ಹೇಳಲಿಲ್ಲ. ಹೊರಗೆ ಬಂದು ಕಾಕಾ ಮುಂದೆ ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡು, ‘ನನ್ನ ವಯಸ್ಸಿಗೆ ಇನ್ನೊಂದು ಸಲಾ ಸಿಗೂದಿಲ್ಲ ತಂಗಿ’ ಎಂದರು. ಮೇಡಂ ಬಿಟ್ಟು ತಂಗಿ ಎಂದದ್ದು ಅದೇ ಮೊದಲು. ಆದರೂ ನಾನು ಕರಗಲಿಲ್ಲ.

ಅಷ್ಟರಲ್ಲಿ ಖಂಡೇಪೂಜೆ ಬಂತು.

ನಮ್ಮ ಕಡೆ ಖಂಡೇಪೂಜೆ ದಿನ ಕತ್ತರಿ, ಸುತ್ತಿಗೆಯಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಪೂಜೆ. ಕಾಲೇಜಿನ ಬಸ್ಸುಗಳನ್ನು ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ ಸಾಲಾಗಿ ನಿಲ್ಲಿಸುತ್ತಾರೆ. ಆ ವರ್ಷ ಚೇರ್ಮನ್‌ರು ವಿಮಾನವನ್ನೂ ಸಾಲಿಗೆ ಸೇರಿಸಿ ಎಂದರು. ಜೊತೆಗೆ ಇನ್ನೊಂದು ಅಪ್ಪಣೆ: ಪೂಜೆ ಆದ ಮೇಲೆ ಕಾಕಾ ಒಂದು ಸಲ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಲಿ. ಸ್ಟಾರ್ಟ್ ಆದರೆ ಒಯ್ಯಲು ಬರುವವರ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. ಕಾಕಾ ಆಗಲೇ ತಮ್ಮ ಹಳೆಯ ಶಿಷ್ಯರ ಕೈಯಿಂದ ವಿಮಾನದ ಪೆಟ್ರೋಲು ತರಿಸಿ, ಬ್ಯಾಟರಿ ಚಾರ್ಜ್ ಮಾಡಿಸಿ, ಪ್ಲಗ್ಗುಗಳನ್ನು ಉಜ್ಜಿ ಇಟ್ಟಿದ್ದರು. ಮದುವೆಗೆ ನಿಂತ ಹುಡುಗನಂತೆ ಮುಖದಲ್ಲಿ ಕಳೆ ಬೇರೆ.

ನಾನು ನನ್ನ ಷರತ್ತುಗಳನ್ನು ಹಾಕಿದೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಬೇಕು. ಪಂಖದ ಹತ್ತಿರ ಯಾರೂ ಸುಳಿಯಬಾರದು. ಗಾಲಿಗಳಿಗೆ ಕಟ್ಟಿಗೆಯ ಅಡೆ ಕೊಟ್ಟಿರಬೇಕು. ಅರಿಷಿಣ ಕುಂಕುಮ ವಿಮಾನಕ್ಕೆ ಹಚ್ಚಬಾರದು, ಮುಂದೆ ಒಂದು ಮಣೆ ಇಡುತ್ತೇನೆ, ಅದಕ್ಕೆ ಹಚ್ಚಬೇಕು. ಹಿರಿಯ ಡ್ರೈವರ್ ಅಣ್ಣ, ಬಸ್ಸುಗಳಿಗೆಲ್ಲ ತಾನೇ ಅಪ್ಪ ಎನ್ನುವಂಥ ಮನುಷ್ಯ, ಕುಂಕುಮದ ತಟ್ಟೆ ಹಿಡಿದು ನಿಂತೇಬಿಟ್ಟರು.

‘ಮಣಿಗೆ ಹಚ್ಚಿದ್ರ ಪುಣ್ಯ ಮಣಿಗೆ ಬರತೈತ್ರಿ ಅಕ್ಕಾರ. ಇಮಾನಕ್ಕೇನ ಬಂತು?’

‘ಇಮಾನದ ಬಣ್ಣ ಹಳೇದೈತಿ ಅಣ್ಣಾ. ಕುಂಕುಮ ಹತ್ತಿದ್ರ ಹೋಗೂದಿಲ್ಲ.’

‘ಹೋಗಬಾರದಂತ ಹಚ್ಚೂದ್ರಿ!’

ಕಡೆಗೆ ಪಂಖದ ನಡುವಿನ ಗುಬ್ಬಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಮೇಲೆ ಬೊಟ್ಟು ಇಡಲು ಒಪ್ಪಿಸಿದೆ. ಮೂರೂ ಗಾಲಿಗಳ ಮುಂದೆ ಲಿಂಬೆಹಣ್ಣು ಇಟ್ಟರು. ಅದಕ್ಕೆ ಅಡ್ಡಿ ಹೇಳಲಿಲ್ಲ. ಲಿಂಬೆಹಣ್ಣಿನಿಂದ ಟೈರಿಗೆ ಏನಾದೀತು ಎಂದುಕೊಂಡೆ. ಪೂಜೆ ಮಾಡಿದ ಗಾಡಿ ಆ ಹಣ್ಣಿನ ಮೇಲೆ ಹಾಯಲೇಬೇಕು, ನಿಂತಲ್ಲೇ ನಿಲ್ಲಬಾರದು ಎನ್ನುವ ಪದ್ಧತಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ವಿಮಾನದ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಬಸ್ಸುಗಳು ಒಂದೊಂದಾಗಿ ಹಾರ್ನ್ ಹೊಡೆಯುತ್ತ ಲಿಂಬೆಹಣ್ಣು ಹಿಂಡಿ ಮುಂದೆ ಹೋದವು. ಕೊನೆಗೆ ಉಳಿದದ್ದು ವಿಮಾನ. ಕುಂಬಳಕಾಯಿ ಒಡೆದರು. ಕಾಕಾ ಬಲಗಡೆ ಸೀಟಿನಲ್ಲಿ ಕುಳಿತು ಕೈ ಎತ್ತಿದರು. ಗುಂಡಿ ಒತ್ತಿದರು. ಪಂಖ ಸೊಂಟ ನೋಯುವ ಮುದುಕನಂತೆ ಅರ್ಧ ಸುತ್ತು ತಿರುಗಿ, ಒಂದು ಬಾರಿ ಕರ್ರಗೆ ಸೀನಿ, ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮತ್ತೆ ಒತ್ತಿದರು. ಈ ಸಲ ಸೀನೂ ಇಲ್ಲ. ಮತ್ತೊಮ್ಮೆ ಒತ್ತಿದಾಗ ಟಿಕ್ ಎಂಬ ಸದ್ದು ಮಾತ್ರ. ಬ್ಯಾಟರಿ ಕೈ ಎತ್ತಿತ್ತು. ಕಾಕಾ ತಲೆ ತಗ್ಗಿಸಿ ಗಡಿಯಾರಗಳನ್ನೇ ನೋಡುತ್ತಿದ್ದರು. ಖರೇ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಆಗ ಹಿರಿಯ ಡ್ರೈವರ್ ಅಣ್ಣ ಕೂಗಿದರು:

‘ಕಾಕಾರ, ಎರಡನೇ ಗೇರ್‌ನ್ಯಾಗ ಹಾಕ್ರಿ! ನಾವು ನೂಕ್ತೇವಿ!’

‘ಇದಕ್ಕ ಗೇರ್ ಇಲ್ಲೋ ಮಾರಾಯಾ!’

‘ಹಂಗಾರ ನ್ಯೂಟ್ರಲ್‌ನ್ಯಾಗ ಐತಿ! ಇನ್ನೂ ಛಲೋ ಆತು! ಬರ್ರಲೇ, ಬರ್ರಿ!’

ಕೆಟ್ಟು ನಿಂತ ಗಾಡಿ ಕಂಡರೆ ಹುಬ್ಬಳ್ಳಿಯ ಗಂಡಸರ ಕೈ ಸುಮ್ಮನಿರುವುದಿಲ್ಲ. ಗುರುತು ಪರಿಚಯ ಬೇಕಿಲ್ಲ, ಹಿಂದೆ ಹೋಗಿ ಹೆಗಲು ಕೊಡುತ್ತಾರೆ. ಇದು ನಮ್ಮ ಊರಿನ ದೊಡ್ಡ ಗುಣ, ನಾನೇ ಎಷ್ಟೋ ಸಲ ಹೆಮ್ಮೆ ಪಟ್ಟಿದ್ದೇನೆ. ಡ್ರೈವರುಗಳು, ಕ್ಲೀನರುಗಳು, ಹೂ ಮಾರಲು ಬಂದವನು, ಲ್ಯಾಬಿನ ಸಹಾಯಕರು, ಎಲ್ಲರೂ ಒಮ್ಮೆಲೇ ಹಿಂದಕ್ಕೆ ಓಡಿದರು. ಯಾರೋ ಕಟ್ಟಿಗೆಯ ಅಡೆಗಳನ್ನು ಒದ್ದು ಸರಿಸಿದರು. ‘ರೆಕ್ಕಿ ಬುಡಾ ಹಿಡೀರಿ, ಬಾಲಾ ಮುಟ್ಟಬ್ಯಾಡ್ರಿ!’ ಎಂದು ನಾನು ಚೀರಿದ್ದು ಪೂಜೆಗೆ ಕರೆಸಿದ್ದ ಬ್ಯಾಂಡಿನವರ ಸದ್ದಿನಲ್ಲಿ ಮುಳುಗಿತು. ಎಂಜಿನ್ ಸ್ಟಾರ್ಟ್ ಆಯಿತೆಂದು ತಿಳಿದು ಅವರು ಬಾರಿಸಲು ಶುರು ಮಾಡಿದ್ದರು.

ವಿಮಾನದ ಬಾಲಕ್ಕೆ ಎರಡು ಕಡೆ ಅಡ್ಡ ರೆಕ್ಕೆಗಳಿರುತ್ತವೆ. ಅವುಗಳ ಹಿಂದಿನ ಅಂಚು ಮೇಲೆ ಕೆಳಗೆ ಆಡುವ ತೆಳು ತಗಡು. ಬಸ್ಸಿನ ಹಿಂಬದಿಗೆ ಕೊಡುವ ಹೆಗಲನ್ನು ಇವರು ಅದಕ್ಕೆ ಕೊಟ್ಟರು.

‘ಐಸಾ!’

ಹಪ್ಪಳ ಮುರಿದಂಥ ಸದ್ದಾಯಿತು. ವಿಮಾನ ಮುಂದೆ ಹೋಯಿತು. ಲಿಂಬೆಹಣ್ಣುಗಳು ಪಿಚಕ್ಕೆಂದವು.

‘ಲಿಂಬಿಹಣ್ಣ ಆತ್ರೀ ಅಕ್ಕಾರ!’ ಎಂದು ಹಿರಿಯ ಡ್ರೈವರ್ ಅಣ್ಣ ಸಂತೋಷದಿಂದ ಕೂಗಿ, ಆಮೇಲೆ ತನ್ನ ಹೆಗಲ ಮುಂದಿನ ತಗಡು ತನ್ನ ಹೆಗಲಿನ ಆಕಾರಕ್ಕೇ ಬಾಗಿದ್ದನ್ನು ನೋಡಿದರು. ನಾನು ಏನೇನು ಬೈದೆನೋ ನೆನಪಿಲ್ಲ. ಅವರು ಮಾತ್ರ ನಿಜವಾಗಿಯೂ ಅರ್ಥವಾಗದೆ ಕೇಳಿದರು:

‘ಇಷ್ಟಕ್ಕ ನಮ್ಮ ಬಸ್ಸಿನ ಬಂಪರ್‌ಗೂ ಏನಾಗೂದಿಲ್ರಿ. ಇದು ಯುದ್ಧದ ಇಮಾನ ಅಂತೀರಿ?’

ಕಾಕಾ ಕೆಳಗಿಳಿದು ಬಂದು ಬಾಗಿದ ತಗಡಿನ ಮೇಲೆ ಕೈಯಾಡಿಸಿದರು. ಈ ಸಲ ‘ಕೈ ತಗೀರಿ’ ಎನ್ನಲಿಲ್ಲ ನಾನು.

ಮರುದಿನ ಬನ್ನಿ ಹಬ್ಬ. ಜಗಳ ಆಡಿದವರೂ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಮಾತಾಡಲೇಬೇಕು. ನಾನು ಕಾಕಾ ಮನೆಗೆ ಹೋಗಿ, ಎಲೆ ಕೊಟ್ಟು ಕಾಲಿಗೆ ನಮಸ್ಕರಿಸಿ, ‘ಬಂಗಾರ ತಗೊಂಡು ಬಂಗಾರದಂಗಿರೂಣ್ರಿ’ ಎಂದೆ.

‘ಬಂಗಾರದಂಗ ಇರೂದು ಆಮ್ಯಾಲೆ,’ ಅಂದರು ಕಾಕಾ. ‘ಮೊದಲ ಬಾಲದ್ದೇನ ಮಾಡೂಣು ಹೇಳ್ರಿ.’

‘ಬಾಲ ಬಾಗಿದ್ದಕ್ಕ ಅವರು ಬ್ಯಾಡ ಅಂದ್ರ ನನಗೇನು ದುಃಖ ಇಲ್ರಿ.’

‘ಗೊತ್ತದ. ಅದಕ್ಕ ಪೇಢಾ ಕೊಡೂದಿಲ್ಲ ನಿಮಗ.’ ಹಾಗಂದು ಎರಡು ಪೇಢಾ ಕೊಟ್ಟರು.

ಹೇಳಿದಂತೆ ತಂಡದವರು ಬಂದರು. ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು, ಎಂಜಿನಿಯರ್, ಮಾತು ಕಡಿಮೆ. ಹಲ್ಲಿನ ಡಾಕ್ಟರರದಂಥ ಸಣ್ಣ ಕನ್ನಡಿ ಮತ್ತು ಟಾರ್ಚು ಹಿಡಿದು ಮುಂಜಾನೆಯಿಂದ ವಿಮಾನದ ಹೊಟ್ಟೆಯ ಕೆಳಗೆ ಮಲಗಿಯೇ ಇದ್ದರು. ಬಾಗಿದ ಬಾಲವನ್ನು ನೋಡಿ ನಕ್ಕರು, ಅದು ದೊಡ್ಡ ಕೆಲಸವಲ್ಲ ಅಂದರು. ಕಾಕಾ ಮುಖ ಅರಳಿತು, ನನ್ನದು ಬಾಡಿತು. ಆಮೇಲೆ ರೆಕ್ಕೆಯ ಒಂದು ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ತೋರಿಸಿದರು. ಬೆರಳ ತುದಿಗೆ ಬಿಳಿ ಪುಡಿ. ರೆಕ್ಕೆಯ ಭಾರ ಹೊರುವ ಒಳಗಿನ ಅಲ್ಯುಮಿನಿಯಂ ತೊಲೆಯನ್ನು ಬಿಳಿ ತುಕ್ಕು ತಿಂದು ಹಾಕಿದೆ, ಇಂಥ ರೆಕ್ಕೆಯನ್ನು ಈಗ ಯಾರೂ ಮಾಡುವುದಿಲ್ಲ, ಇದು ಇನ್ನು ಹಾರುವ ದೇಹವಲ್ಲ ಎಂದರು. ಈಗ ನನ್ನ ಮುಖ ಅರಳಿತು. ಕಾಕಾ ಕಡೆ ನಾನು ನೋಡಲಿಲ್ಲ.

ಆದರೆ ಅವರ ಮಾತು ಮುಗಿದಿರಲಿಲ್ಲ. ಇದೇ ನಮೂನೆಯ ಇನ್ನೊಂದು ವಿಮಾನ ಅವರ ಹತ್ತಿರವಿತ್ತು. ರೆಕ್ಕೆ ಗಟ್ಟಿ, ಎಂಜಿನ್ ಸತ್ತದ್ದು. ನಮ್ಮದರ ಎಂಜಿನ್ ಮಾತ್ರ, ಸ್ವಲ್ಪ ಚಿಕಿತ್ಸೆ ಮಾಡಿದರೆ, ಚೆನ್ನಾಗಿದೆ. ಅದನ್ನಷ್ಟೇ ಕೊಡುತ್ತೀರಾ?

ಚೇರ್ಮನ್‌ರು ಒಂದೇ ಪ್ರಶ್ನೆ ಕೇಳಿದರು. ‘ಎಂಜಿನ್ ತಗದ್ರ ಹೊರಗ ಕಾಣತೈತೇನು?’

ಪಂಖವನ್ನು ಒಂದು ಚೌಕಟ್ಟಿಗೆ ಸಿಗಿಸಿ ಮುಚ್ಚಳ ಹಾಕಿದರೆ ಕಾಣುವುದಿಲ್ಲ ಎಂದರು ಆಕೆ.

‘ಮತ್ತೇನ ವಿಚಾರ ಮಾಡೂದೈತಿ? ಇಲ್ಲಿನೂ ಇಮಾನ, ಅಲ್ಲಿನೂ ಇಮಾನ! ಕಣ್ಣ ದಾನ ಮಾಡಿಧಂಗ!’

‘ಕಣ್ಣು ಸತ್ತಮ್ಯಾಲೆ ದಾನ ಮಾಡತಾರ್ರಿ ಸರ್,’ ಎಂದೆ ನಾನು.

‘ಅರ್ಧಾ ಒಯ್ಯೂದಂದ್ರ ಏನ್ರಿ ಅದು?’ ಎಂದು ಕಾಕಾ ಎದ್ದು ನಿಂತರು. ‘ಒಯ್ದ್ರ ಪೂರ್ತಿ ಒಯ್ಯಬೇಕು.’

‘ಬಿಟ್ರ ಪೂರ್ತಿ ಬಿಡಬೇಕು,’ ಎಂದೆ.

ಅಲ್ಲಿಯವರೆಗೆ ಒಂದು ವಿಷಯಕ್ಕೂ ಒಪ್ಪದ ನಾವಿಬ್ಬರೂ ಒಂದೇ ಉಸಿರಿನಲ್ಲಿ ಮಾತಾಡಿದೆವು. ಚೇರ್ಮನ್‌ರು ಗಾಬರಿಯಾಗಿ ಇಬ್ಬರಿಗೂ ಚಹಾ ತರಿಸಿದರು. ಎರಡು ದಿನ ವಿಚಾರ ಮಾಡುತ್ತೇನೆ ಎಂದರು. ಹೊರಗೆ ಬಂದು ಕಾಕಾ, ನಾನು ಬಸ್ಸಿನ ನೆರಳಲ್ಲಿ ನಿಂತು ಯುದ್ಧದ ಯೋಜನೆ ಮಾಡಿದೆವು. ಅವರು ಸೇನೆಯವರು, ನಾನು ಇತಿಹಾಸದವಳು. ಚೇರ್ಮನ್‌ರ ಮನಸ್ಸು ತಿರುಗಿಸಿಯೇ ಬಿಡುತ್ತೇವೆ ಎಂದುಕೊಂಡೆವು.

ಯುದ್ಧ ಶುರುವಾಗುವ ಮೊದಲೇ ನನ್ನ ಸೈನ್ಯ ಆ ಕಡೆ ಸೇರಿತು. ಮರುದಿನ ಕಾಕಾ ಬಂದವರು ಶೆಡ್ಡಿನ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

‘ಮೇಡಂ, ಆ ತಂಡದಾಕಿ ಒಂದು ಮಾತು ಹೇಳ್ಯಾಳ.’

‘ಏನ್ರಿ?’

‘ಎಂಜಿನ್ ಕೂಡಿಸಿದ ಮ್ಯಾಲೆ ಹಾರಸೂವಾಗ, ಒಂದು ಸೀಟು ನನಗಂತ.’

ನಾನು ಬಟ್ಟೆಯಿಂದ ಪಂಖ ಒರೆಸುತ್ತಲೇ ಇದ್ದೆ.

‘ನನಗ ಹಾರಸಾಕ ಕೊಡೂದಿಲ್ಲ. ಪಕ್ಕದಾಗ ಕುಂದರೂದಷ್ಟ.’

‘ಹೋಗ್ರಿ ಕಾಕಾ.’

‘ಸಿಟ್ಟೇನು?’

‘ಹೌದ್ರಿ, ಸಿಟ್ಟ. ಹೋಗ್ರಿ, ಹಾರಿ ಬರ್ರಿ. ಆದ್ರ ಎಂಜಿನ್ ಹೋದದ್ದನ್ನ ನಾ ಮುಚ್ಚಿಡೂದಿಲ್ಲ. ಇದನ್ನ ಚೇರ್ಮನ್‌ರಿಗೂ ಹೇಳ್ರಿ.’

ಎಂಜಿನ್ ಹೋಯಿತು. ಸಣ್ಣ ಕ್ರೇನಿನಿಂದ ಎತ್ತಿ, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ಲಾರಿಗೆ ಹಾಕಿದರು. ಮೂಗು ಹಗುರವಾದರೆ ವಿಮಾನ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರುತ್ತದೆ ಎಂದು ಆ ಎಂಜಿನಿಯರ್ ಮೊದಲೇ ಎಚ್ಚರಿಸಿದ್ದರು. ಬಾಲಕ್ಕೆ ಆಧಾರ ಕೊಟ್ಟು, ಮೂಗಿನ ಗೂಡಿನಲ್ಲಿ ಉಸುಕಿನ ಚೀಲ ತುಂಬಬೇಕಿತ್ತು. ಉಸುಕು ಹೊತ್ತು ತಂದವರು ಅದೇ ಡ್ರೈವರುಗಳು. ಈ ಸಲ ಎಲ್ಲಿ ಹಿಡಿಯಬೇಕೆಂದು ನಾನು ಕೆಂಪು ಟೇಪು ಅಂಟಿಸಿದ್ದೆ. ಹಿರಿಯ ಡ್ರೈವರ್ ಅಣ್ಣ ಟೇಪಿನ ಹತ್ತಿರ ಬೆರಳು ಇಟ್ಟು, ನನ್ನ ಕಡೆ ನೋಡಿ, ‘ಇಲ್ಲೇನ್ರಿ?’ ಎಂದು ಪ್ರತಿಸಲ ಕೇಳಿಯೇ ಹಿಡಿದರು.

‘ಇಮಾನದ ಮೂಗಿನ್ಯಾಗ ಉಸುಕು,’ ಎಂದರು ಚೀಲ ಇಳಿಸುತ್ತ. ‘ನಮ್ಮ ಬಸ್ಸಿನ್ಯಾಗ ಹಿಂಗ ಮಾಡಿದ್ರ ಸಸ್ಪೆಂಡ್ ಮಾಡತಿದ್ರು.’

ಫಲಕವನ್ನು ಹೊಸದಾಗಿ ಬರೆದೆ. ವಿಮಾನದ ಹುಟ್ಟು, ಕೆಲಸ, ನಿವೃತ್ತಿ ಎಲ್ಲ ಬರೆದು, ಕೊನೆಯಲ್ಲಿ ಹೀಗೆ ಸೇರಿಸಿದೆ: ‘ಇದ್ದ ಹಾಗೇ ಉಳಿಸಿದ ವಿಮಾನ ಇದಲ್ಲ. ಇದರ ಎಂಜಿನ್ನನ್ನು ತೆಗೆದು ಬೇರೊಂದು ವಿಮಾನಕ್ಕೆ ಕೊಡಲಾಗಿದೆ. ಈಗ ಮೂಗಿನಲ್ಲಿರುವುದು ಉಸುಕು. ಬಾಲ ಬಾಗಿರುವುದು ಯುದ್ಧದಲ್ಲಲ್ಲ, ಖಂಡೇಪೂಜೆಯಲ್ಲಿ ನೂಕಿದ್ದರಿಂದ.’ ಬಾಲದ ಬಾಗನ್ನು ನೆಟ್ಟಗೆ ಮಾಡಿಸಲಿಲ್ಲ. ಅದೂ ಈಗ ಅದರ ಚರಿತ್ರೆಯೇ.

ಚೇರ್ಮನ್‌ರು ಓದಿ ಕೆಂಪಗಾದರು.

‘ಇದೇನ್ರಿ ಮೇಡಂ, ಮನಿ ಮಾತು ಬೀದಿಗೆ ತಂದೀರಿ!’

‘ಮ್ಯೂಸಿಯಂ ಅಂತ ಬೋರ್ಡ ಹಚ್ಚಿದ್ದು ನೀವು ಸರ್. ಇಲ್ಲಿ ಸುಳ್ಳ ಬರಿಯಾಕ ಬರೂದಿಲ್ಲ. ಸುಳ್ಳ ಬೇಕಂದ್ರ ಅಡ್ಮಿಶನ್ ಕೌಂಟರ್‌ಗೆ ಕಳಸ್ರಿ.’

ಆಡಿದ ಮೇಲೆ ನನಗೇ ಹೆದರಿಕೆಯಾಯಿತು. ಅವರು ಸ್ವಲ್ಪ ಹೊತ್ತು ನನ್ನನ್ನು, ಸ್ವಲ್ಪ ಹೊತ್ತು ಫಲಕವನ್ನು ನೋಡಿದರು. ಆಮೇಲೆ ಇನ್ನೊಂದು ಸಲ ಓದಿದರು. ಅವರ ತುಟಿ ಅಲುಗಿತು. ಸಿಟ್ಟೋ ನಗುವೋ ತಿಳಿಯಲಿಲ್ಲ. ಹೊರಟುಹೋದರು. ಫಲಕ ತೆಗೆಸಲಿಲ್ಲ.

ಬೇಸಿಗೆಯಲ್ಲಿ ಕಾಕಾ ಫೋನ್ ಮಾಡಿದರು, ಆ ತಂಡದವರ ಊರಿನಿಂದಲೇ. ಹಿನ್ನೆಲೆಯಲ್ಲಿ ಭಾರಿ ಸದ್ದು. ‘ಕೇಳ್ರಿ, ಕೇಳ್ರಿ! ನಮ್ಮ ಎಂಜಿನ್!’ ಎಂದು ಕಿರಿಚಿದರು.

‘ಎಷ್ಟು ಭಾಗ ಬದಲಿ ಮಾಡ್ಯಾರ್ರಿ?’ ಎಂದು ನಾನೂ ಕಿರಿಚಿದೆ.

‘ಏನಂದ್ರಿ?’

‘ನಮ್ಮದು ಅದರಾಗ ಎಷ್ಟ ಉಳದೈತಿ ಅಂತ!’

ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಉತ್ತರ ಕೊಡಲಿಲ್ಲ. ಊರಿಗೆ ಬಂದ ಮೇಲೆ ಎರಡು ಪೇಢಾ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಹೇಗಿತ್ತು ಎಂದು ಕೇಳಿದೆ. ಅಷ್ಟು ಮಾತುಗಾರರು, ‘ಗುರುತು ಹಿಡೀತು’ ಎಂದಷ್ಟೇ ಹೇಳಿದರು. ಯಾರು ಯಾರನ್ನು ಎಂದು ಕೇಳಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಫಲಕ ಓದಿ, ‘ಉಸುಕಿನ ಮಾತು ಭಾಳ ದೊಡ್ಡ ಅಕ್ಷರದಾಗ ಬರದೀರಿ’ ಎಂದು ತಕರಾರು ತೆಗೆದು, ಎಂದಿನಂತೆ ಹತ್ತಿ ಕುಳಿತರು.

ಈಗ ನಮ್ಮ ಸಂಗ್ರಹಾಲಯಕ್ಕೆ ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ. ಯಾರೂ ‘ಹಾರತೈತೇನು’ ಎಂದು ಕೇಳುವುದಿಲ್ಲ. ಫಲಕ ಓದುತ್ತಾರೆ, ಬಾಲಕ್ಕೆ ಹೋಗಿ ಬಾಗು ನೋಡುತ್ತಾರೆ, ‘ಯಾವ ಮಗಾ ನೂಕಿದ್ದು?’ ಎಂದು ನಗುತ್ತಾರೆ. ಅಂಗಳದಲ್ಲಿ ನಿಂತ ಹಿರಿಯ ಡ್ರೈವರ್ ಅಣ್ಣ ಅಂಥ ಹೊತ್ತಿಗೆ ಬಸ್ಸಿನ ಗಾಜು ಒರೆಸುವುದರಲ್ಲಿ ಬಹಳ ಮಗ್ನರಾಗಿರುತ್ತಾರೆ. ಕಳೆದ ವಾರ ಚೇರ್ಮನ್‌ರು ಯಾರೋ ದೊಡ್ಡ ಅತಿಥಿಗಳನ್ನು ಕರೆತಂದರು. ಬಾಗಿಲಿನಿಂದಲೇ ಅವರ ಸ್ವರ ಕೇಳುತ್ತಿತ್ತು:

‘ಬರ್ರಿ, ಬರ್ರಿ, ಇಡೀ ದೇಶದಾಗ ಮೂಗಿನ್ಯಾಗ ಉಸುಕ ತುಂಬಿದ ಇಮಾನ ನಮ್ಮ ಕಾಲೇಜಿನ್ಯಾಗ ಮಾತ್ರ ಐತಿ. ಹಿಂಗ ಬಡದು ನೋಡ್ರಿ, ಸಪ್ಪಳನ ಬ್ಯಾರೆ ಬರತೈತಿ...’

ಅವರು ಮೂಗಿನ ಮೇಲೆ ಬಡಿಯಲು ಕೈ ಎತ್ತಿದರು.

‘ಮುಟ್ಟಬ್ಯಾಡ್ರಿ ಸರ್,’ ಎಂದೆ ನಾನು, ಕುಳಿತಲ್ಲಿಂದಲೇ.

ಅವರು ಅತಿಥಿಗಳನ್ನು ನೋಡಿದರು, ನನ್ನನ್ನು ನೋಡಿದರು, ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡರು.